ಪಥ್ಯವೂ ವ್ರತವಲ್ಲವೇ?

ಚಾತುರ್ಮಾಸ್ಯವು ಸಮೀಪಿಸಿತೆಂದರೆ ನಮ್ಮ ಮನೆಗಳ ಅಡಿಗೆಮನೆಗೆ ಒಂದು ಹೊಸ ಶಿಸ್ತು ಬರುತ್ತದೆ. ಮೊದಲನೆಯ ತಿಂಗಳು ಶಾಕ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯ, ಹೀಗೆ ಒಂದೊಂದನ್ನೇ ಬಿಟ್ಟು ನಾಲ್ಕು ತಿಂಗಳು ಕಳೆಯುತ್ತೇವೆ. ಶಾಕವ್ರತದಲ್ಲಿ ಹುಣಿಸೆಹಣ್ಣಿಲ್ಲ, ಮೆಣಸಿನಕಾಯಿಯಿಲ್ಲ. ಹೆಸರುಬೇಳೆ, ಕಾಳುಮೆಣಸು, ಜೀರಿಗೆಗಳಲ್ಲಿಯೇ ಊಟ ಮುಗಿಯುತ್ತದೆ. ಆದರೂ ಯಾರೂ ಗೊಣಗುವುದಿಲ್ಲ. ಹರಿಪ್ರೀತ್ಯರ್ಥವಾಗಿ ಬಿಟ್ಟದ್ದರಲ್ಲಿ ಕೊರತೆಯೆಂಬ ಭಾವನೆಯೇ ಹುಟ್ಟುವುದಿಲ್ಲ.

ಇಷ್ಟು ಸಮರ್ಥವಾದ ನಾಲಿಗೆಗೆ ವೈದ್ಯರು ಬಂದು, “ರಕ್ತದೊತ್ತಡ ಏರಿದೆ, ಉಪ್ಪನ್ನು ಕಡಿಮೆ ಮಾಡಿರಿ, ಉಪ್ಪಿನಕಾಯಿಯನ್ನು ಬಿಡಿರಿ” ಎಂದು ಹೇಳಿದರೆ ಮಾತ್ರ ಅದು ಹಟ ಹಿಡಿಯುತ್ತದೆ. ತಿಂಗಳುಗಟ್ಟಲೆ ಮೊಸರನ್ನೇ ಬಿಟ್ಟಿರಬಲ್ಲವರಿಗೆ ಒಂದು ಮಾವಿನಕಾಯಿ ಹೋಳನ್ನು ಬಿಡುವುದು ಅಸಾಧ್ಯವಾಗುತ್ತದೆ. ಇದು ಏಕೆ? ವ್ರತವು ದೇವರಿಗಾಗಿ, ಪಥ್ಯವು ಕೇವಲ ದೇಹಕ್ಕಾಗಿ ಎಂಬ ಭೇದವೇ ಇದಕ್ಕೆ ಕಾರಣವೇ? ಹಾಗಿದ್ದರೆ ಆ ಭೇದವು ಸರಿಯೇ? ಈ ಪ್ರಶ್ನೆಯನ್ನು ಸಜ್ಜನ ವಾಚಕರ ಮುಂದಿಟ್ಟು ವಿಚಾರಮಾಡಬೇಕೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ. ವಿದ್ವತ್ತೆಯ ಬಲದಿಂದ ಅಲ್ಲ, ಮನೆಯಲ್ಲಿ ಅನುಭವಿಸಿದ ಒಂದು ಸಂಕಟದ ಬಲದಿಂದ.

ನಮ್ಮ ತೀರ್ಥರೂಪರು ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಶ್ರೀಪ್ರಾಣದೇವರ ಸನ್ನಿಧಿಯಲ್ಲಿ ಅರ್ಚಕರಾಗಿದ್ದಾರೆ. ಏಕಾದಶಿಯ ನಿರ್ಜಲ ಉಪವಾಸವನ್ನು ಅವರು ತಪ್ಪಿಸಿದ್ದನ್ನು ನಾನು ಬಾಲ್ಯದಿಂದ ಕಂಡವನಲ್ಲ. ಅವರ ಅರವತ್ತಾರನೆಯ ವಯಸ್ಸಿನಲ್ಲಿ, ಊರಿನಲ್ಲಿ ನಡೆದ ಒಂದು ಆರೋಗ್ಯ ತಪಾಸಣೆಯ ಶಿಬಿರದಲ್ಲಿ, ರಕ್ತದೊತ್ತಡ 170/104 ಇರುವುದು ತಿಳಿಯಿತು. ತಲೆನೋವಿಲ್ಲ, ಆಯಾಸವಿಲ್ಲ. ಈ ರೋಗದ ಸ್ವಭಾವವೇ ಹಾಗೆ. ಬಹುಮಂದಿಯಲ್ಲಿ ಅದು ಯಾವ ಸೂಚನೆಯನ್ನೂ ಕೊಡದೆ ವರ್ಷಗಟ್ಟಲೆ ಒಳಗೇ ಕೆಲಸ ಮಾಡುತ್ತಿರುತ್ತದೆ. ವೈದ್ಯರು ಮಾತ್ರೆಯನ್ನೂ ಬರೆದುಕೊಟ್ಟರು, ಪಥ್ಯವನ್ನೂ ಹೇಳಿದರು. ಮಾತ್ರೆಯನ್ನು ತೀರ್ಥರೂಪರು ಒಪ್ಪಿಕೊಂಡರು. ಪಥ್ಯವನ್ನು ನಕ್ಕು ಬಿಟ್ಟುಬಿಟ್ಟರು.

ಎರಡು ವರ್ಷಗಳ ಅನಂತರ ಒಂದು ದ್ವಾದಶಿಯ ಬೆಳಗಿನ ಜಾವ, ಆಚಮನ ಮಾಡುತ್ತ ಕೇಶವಾದಿ ನಾಮಗಳನ್ನು ಹೇಳುತ್ತಿದ್ದವರ ನಾಲಿಗೆ ‘ತ್ರಿವಿಕ್ರಮ’ ಎಂಬಲ್ಲಿ ತೊಡರಿತು. ಮತ್ತೆ ಹೇಳಲು ಹೋದರು, ಅಕ್ಷರಗಳು ಕಲಸಿಹೋದವು. ಬಲಗೈಯಲ್ಲಿದ್ದ ಉದ್ಧರಣೆ ಜಾರಿ ತಟ್ಟೆಯಲ್ಲಿ ಬಿದ್ದಿತು. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಮಾತು ತಾನಾಗಿ ಸರಿಯಾಯಿತು. ಮೆದುಳಿಗೆ ಹೋಗುವ ರಕ್ತವು ಸ್ವಲ್ಪ ಹೊತ್ತು ತಡೆದಿತ್ತೆಂದೂ, ಪಾರ್ಶ್ವವಾಯುವಿಗೆ ಇದು ಮುನ್ಸೂಚನೆಯೆಂದೂ ವೈದ್ಯರು ಹೇಳಿದರು. ವಾಚಕರು ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಮಾತು ತೊದಲಿದರೆ, ಬಾಯಿ ಒಂದು ಕಡೆಗೆ ಎಳೆದರೆ, ಕೈ ಬಲಗುಂದಿದರೆ, ತಾನಾಗಿ ಸರಿಹೋಯಿತೆಂದು ಮನೆಯಲ್ಲಿ ಕುಳಿತಿರಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಂತ್ರವನ್ನೇ ಜೀವನವಾಗಿಸಿಕೊಂಡವರಿಗೆ ವಾಕ್ಕು ಹೋಗುವುದೆಂದರೆ ಏನೆಂದು ಅಂದು ನನಗೆ ಅರಿವಾಯಿತು. ಆದರೂ ಮನೆಗೆ ಬಂದ ಮೇಲೆ ತೀರ್ಥರೂಪರು ಪಥ್ಯಕ್ಕೆ ಒಪ್ಪಲಿಲ್ಲ. ಅವರದು ಮೊಂಡುತನವಾಗಿರಲಿಲ್ಲ. ಅವರಿಗೆ ಮೂರು ವಾದಗಳಿದ್ದವು. ಅವು ಅನೇಕ ಹಿರಿಯರ ಮನಸ್ಸಿನಲ್ಲಿಯೂ ಇರುವುದರಿಂದ ಪೂರ್ವಪಕ್ಷವಾಗಿ ಇಲ್ಲಿ ಹೇಳುತ್ತೇನೆ.

ಒಂದು: ದೇಹವು ನಶ್ವರ. ಅದರ ಸಲುವಾಗಿ ಉಪ್ಪು, ಹುಳಿಗಳನ್ನು ಅಳೆಯುತ್ತ ಕೂಡುವುದು ದೇಹಾಭಿಮಾನವೇ ಆಗುತ್ತದೆ. ಎರಡು: ನಾವು ಉಣ್ಣುವುದು ಭಗವಂತನಿಗೆ ನಿವೇದಿತವಾದ ಅನ್ನ. ಪ್ರಸಾದದಲ್ಲಿ ಇದು ಬೇಕು, ಇದು ಬೇಡ ಎಂದು ಆರಿಸುವುದು ಅಪಚಾರ. ಮೂರು: ಆಯುಸ್ಸು ಪ್ರಾರಬ್ಧಾಧೀನ, ಹರಿಯ ಇಚ್ಛಾಧೀನ. ಉಪ್ಪಿನಿಂದ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಈ ವಾದಗಳಿಗೆ ಸಮಾಧಾನ ಹೇಳುವ ಮೊದಲು, ಪಥ್ಯದಿಂದ ನಿಜವಾಗಿ ಪ್ರಯೋಜನವುಂಟೇ ಎಂಬುದನ್ನು ನೋಡಬೇಕು. ಪ್ರಯೋಜನವೇ ಇಲ್ಲದಿದ್ದರೆ ವಿಚಾರವೂ ವ್ಯರ್ಥ.

ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಮೂತ್ರಪಿಂಡಗಳು ಹೆಚ್ಚಿನ ಉಪ್ಪನ್ನು ಹೊರಹಾಕಲು ಹೆಣಗುತ್ತವೆ. ರಕ್ತದ ಪ್ರಮಾಣ ಹೆಚ್ಚಿ ನಾಳಗಳ ಮೇಲೆ ಒತ್ತಡ ಬೀಳುತ್ತದೆ, ಕಾಲಕ್ರಮದಲ್ಲಿ ನಾಳಗಳು ಗಡುಸಾಗುತ್ತವೆ. ಒಳ್ಳೆಯ ಔಷಧಗಳಿಲ್ಲದಿದ್ದ 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು ತೀವ್ರ ರಕ್ತದೊತ್ತಡದ ರೋಗಿಗಳಿಗೆ ಅನ್ನ, ಹಣ್ಣು, ಸಕ್ಕರೆಗಳನ್ನು ಮಾತ್ರ ಕೊಟ್ಟು, ಉಪ್ಪನ್ನು ಬಹುಮಟ್ಟಿಗೆ ನಿಲ್ಲಿಸಿ ಅನೇಕರನ್ನು ಮೃತ್ಯುಮುಖದಿಂದ ಹಿಂದಕ್ಕೆ ತಂದರು. ಅಷ್ಟು ಕಠಿಣವಾದ ಪಥ್ಯ ಈಗ ಬೇಕಾಗಿಲ್ಲ. 1997ರಲ್ಲಿ ಅಮೆರಿಕದಲ್ಲಿಯೇ ಪ್ರಕಟವಾದ ‘ಡ್ಯಾಶ್’ ಎಂಬ ಪರೀಕ್ಷೆಯಲ್ಲಿ 459 ಜನರಿಗೆ ಎಂಟು ವಾರಗಳ ಕಾಲ ಗೊತ್ತಾದ ಆಹಾರವನ್ನು ಕೊಟ್ಟು ನೋಡಿದರು. ಹಣ್ಣು, ತರಕಾರಿ, ಕೊಬ್ಬು ತೆಗೆದ ಹಾಲು ಮೊಸರು, ಕಾಳುಗಳು ಹೆಚ್ಚಾಗಿದ್ದ ಆಹಾರವನ್ನು ಉಂಡವರಲ್ಲಿ, ಮೊದಲೇ ರಕ್ತದೊತ್ತಡವಿದ್ದವರ ಮೇಲಿನ ಅಂಕೆಯು ಸಾಮಾನ್ಯ ಆಹಾರದವರಿಗಿಂತ ಸುಮಾರು 11ರಷ್ಟು ಹೆಚ್ಚಾಗಿ ಇಳಿಯಿತು. ಉಪ್ಪನ್ನೂ ಇಳಿಸಿದರೆ ಒತ್ತಡ ಇನ್ನಷ್ಟು ಇಳಿಯುವುದೆಂದು 2001ರಲ್ಲಿ ಪ್ರಕಟವಾದ ಎರಡನೆಯ ಪರೀಕ್ಷೆ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ಹೇಳುತ್ತದೆ. ಅಂದರೆ ಇಡೀ ದಿನಕ್ಕೆ, ಅನ್ನ ಸಾರು, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಮಜ್ಜಿಗೆ ಎಲ್ಲವೂ ಸೇರಿ, ಒಂದು ಸಣ್ಣ ಟೀ ಚಮಚದಷ್ಟು.

ಇದು ಕೇವಲ ಪಾಶ್ಚಾತ್ಯರ ಮಾತಲ್ಲ. ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಬಳಸಬಾರದೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹೇಳಿದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಅತಿಯಾದ ಉಪ್ಪಿನ ಆಹಾರವನ್ನು ರಾಜಸಾಹಾರಗಳಲ್ಲಿ ಎಣಿಸಿ, ಅಂತಹ ಆಹಾರವು ದುಃಖವನ್ನೂ ರೋಗವನ್ನೂ ಕೊಡುವುದೆಂದು ಶ್ರೀಕೃಷ್ಣನೇ ಎಚ್ಚರಿಸಿದ್ದಾನೆ. ಆರನೆಯ ಅಧ್ಯಾಯದಲ್ಲಿ ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನೂ ಉಣ್ಣದವನಿಗೂ ಯೋಗವಿಲ್ಲವೆಂದು ಮಿತಾಹಾರವನ್ನು ವಿಧಿಸಿದ್ದಾನೆ. ನಾವು ಪಾರಾಯಣದಲ್ಲಿ ಈ ಶ್ಲೋಕಗಳನ್ನು ಹೇಳುತ್ತೇವೆ. ಎಲೆಯ ಮುಂದೆ ಕುಳಿತಾಗ ಮರೆಯುತ್ತೇವೆ.

ಈಗ ಸಮಾಧಾನ. ಮೊದಲನೆಯದಾಗಿ ದೇಹಾಭಿಮಾನದ ಆಕ್ಷೇಪ. ದೇಹವು ನನ್ನದು, ಅದನ್ನು ಸುಖವಾಗಿಡಬೇಕು ಎಂಬುದು ಅಭಿಮಾನ, ನಿಜ. ಆದರೆ ದೇಹವು ನನ್ನದು, ಅದನ್ನು ಹೇಗೆ ಬೇಕಾದರೂ ಕೆಡಿಸಿಕೊಳ್ಳಬಹುದು ಎಂಬುದೂ ಅಭಿಮಾನವೇ. ನಮ್ಮ ಸಿದ್ಧಾಂತದಲ್ಲಿ ಸ್ವತಂತ್ರನಾದವನು ಹರಿಯೊಬ್ಬನೇ. ಜೀವನೂ ಪರತಂತ್ರ, ಅವನಿಗೆ ಬಂದ ದೇಹವೂ ಪರತಂತ್ರ. ದೇವಸ್ಥಾನದ ಬೆಳ್ಳಿಯ ಪಾತ್ರೆ ಅರ್ಚಕನ ಕೈಯಲ್ಲಿದ್ದರೂ ಅರ್ಚಕನದಲ್ಲ. ಅದನ್ನು ಅವನು ತೊಳೆದು, ತಿಕ್ಕಿ, ಎಣಿಸಿ ಒಪ್ಪಿಸಬೇಕು. ನಶ್ವರವಾದ ಲೋಹವೆಂದು ಬೀದಿಗೆ ಎಸೆದರೆ ಅದು ವೈರಾಗ್ಯವಾಗುವುದಿಲ್ಲ. ಸಾಧನೆಗಾಗಿ ಸ್ವಾಮಿಯು ಕೊಟ್ಟಿರುವ ಈ ದೇಹವೂ ಅಂತಹುದೇ. ಇನ್ನೊಂದು ಮಾತು. ಉಪ್ಪನ್ನು ಬಿಡಬಲ್ಲವನಲ್ಲಿ ದೇಹಾಭಿಮಾನ ಹೆಚ್ಚೋ, ಬಿಡಲಾರದವನಲ್ಲಿ ಹೆಚ್ಚೋ? ನಾಲಿಗೆಯೂ ದೇಹದ್ದೇ ತಾನೆ.

ಎರಡನೆಯದಾಗಿ ಪ್ರಸಾದದ ಆಕ್ಷೇಪ. ಪ್ರಸಾದದ ಪಾವಿತ್ರ್ಯವು ಅದರ ಅಳತೆಯಲ್ಲಿಲ್ಲ. ತೀರ್ಥವನ್ನು ನಾವು ಕೊಡಗಟ್ಟಲೆ ಕುಡಿಯುವುದಿಲ್ಲ, ಉದ್ಧರಣೆಯಲ್ಲಿ ತೆಗೆದುಕೊಳ್ಳುತ್ತೇವೆ. ಕಡಿಮೆ ಉಪ್ಪಿನ ಅನ್ನವನ್ನು ನಿವೇದಿಸಿದರೆ ಭಗವಂತನಿಗೆ ಕೊರತೆಯಾಗುವುದಿಲ್ಲ. ಭೋಜನವೆಂದರೆ, ನಮ್ಮ ಜಠರದಲ್ಲಿ ವೈಶ್ವಾನರನಾಗಿ ನಿಂತಿರುವ ಆ ಪರಮಾತ್ಮನಿಗೆ ಮಾಡುವ ಹೋಮ. ಪ್ರಾಣಾಹುತಿಯಿಂದ ಅದನ್ನು ಆರಂಭಿಸುತ್ತೇವೆ. ಹೋಮಕುಂಡವೇ ಬಿರಿಯುವಂತೆ ಆಹುತಿ ಹಾಕುವುದು ಹೋಮವಿಧಿಯಲ್ಲ. ಒಮ್ಮೆ ನಾನು ತೀರ್ಥರೂಪರನ್ನು, “ಅಪ್ಪ, ಮೊದಲು ಬಡಿಸಿದ ಉಪ್ಪಿನಕಾಯಿಯನ್ನು ಪ್ರಸಾದಬುದ್ಧಿಯಿಂದ ತಿಂದಿರಿ, ಸರಿ. ಎರಡನೆಯ ಸಲ ಕೇಳಿ ಹಾಕಿಸಿಕೊಂಡದ್ದು ಯಾವ ಬುದ್ಧಿಯಿಂದ?” ಎಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಕೇಳಿದ್ದಕ್ಕೆ ನನಗೆ ಆಮೇಲೆ ನಾಚಿಕೆಯಾಯಿತು. ಆದರೆ ಪ್ರಶ್ನೆ ತಪ್ಪಾಗಿರಲಿಲ್ಲ.

ಮೂರನೆಯದಾಗಿ ಪ್ರಾರಬ್ಧದ ಆಕ್ಷೇಪ. ಜೀವನಿಗೆ ಕರ್ತೃತ್ವವಿಲ್ಲವೆಂದು ನಮ್ಮ ಆಚಾರ್ಯರು ಹೇಳಲಿಲ್ಲ. ಹರ್ಯಧೀನವಾದ ಕರ್ತೃತ್ವವುಂಟೆಂದು ಹೇಳಿದರು. ವಿಧಿನಿಷೇಧಗಳಿಗೆ ಅರ್ಥ ಬರುವುದೇ ಅದರಿಂದ. ಎಲ್ಲವೂ ಹರಿಯ ಇಚ್ಛೆಯೆಂದು ರಾತ್ರಿ ಗರ್ಭಗುಡಿಗೆ ಬೀಗ ಹಾಕದೆ ಬರುವ ಅರ್ಚಕನುಂಟೇ? ಬೀಗ ಹಾಕುವುದು ನಮ್ಮ ಕೆಲಸ, ಕಾಯುವವನು ಅವನು. ಪಥ್ಯವೂ ಹೀಗೆಯೇ.

ಈ ಮೂರನೆಯ ವಾದದಲ್ಲಿ ಒಂದು ಸತ್ಯಾಂಶವಿದೆ, ಅದನ್ನು ಮರೆಯಬಾರದು. ಪ್ರಯತ್ನ ನಮ್ಮದಾದರೂ ಫಲ ನಮ್ಮ ಕೈಯಲ್ಲಿಲ್ಲ. ಒಂದೇ ಪಥ್ಯವನ್ನು ಇಬ್ಬರು ಮಾಡಿದರೆ ಒಬ್ಬರಿಗೆ ಒತ್ತಡ ಚೆನ್ನಾಗಿ ಇಳಿಯುತ್ತದೆ, ಇನ್ನೊಬ್ಬರಿಗೆ ಅಷ್ಟಾಗಿ ಇಳಿಯುವುದಿಲ್ಲ. ವಂಶ, ವಯಸ್ಸು, ಮೂತ್ರಪಿಂಡದ ಸ್ಥಿತಿ ಇವೆಲ್ಲವೂ ಅಲ್ಲಿ ಕೆಲಸ ಮಾಡುತ್ತವೆ. ಆದುದರಿಂದ ಒತ್ತಡ ಇಳಿಯದವರನ್ನು ‘ಬಾಯಿಚಪಲದವರು’ ಎಂದು ನಿಂದಿಸುವುದು ಪಾಪ. ಮಾತ್ರೆ ನುಂಗುವುದೂ ಸೋಲಲ್ಲ. ಪಥ್ಯ ಹಿಡಿದ ಉತ್ಸಾಹದಲ್ಲಿ ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸುವುದಂತೂ ಅಪಾಯ.

ಇಷ್ಟೆಲ್ಲ ಸಮಾಧಾನ ಹೇಳಿ ನಾನು ವಾದದಲ್ಲಿ ಗೆದ್ದೆನೆಂದುಕೊಂಡೆ. ಆದರೆ ಎಲೆಯ ಮೇಲೆ ಏನೂ ಬದಲಾಗಲಿಲ್ಲ. ಒಂದು ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ ತೀರ್ಥರೂಪರು ತಾವಾಗಿಯೇ ಹೇಳಿದರು: “ಏಕಾದಶಿ ನನಗೆ ಕಷ್ಟವಲ್ಲಪ್ಪ. ಅವತ್ತು ಮನೆಯಲ್ಲಿ ಒಲೆಯೇ ಹತ್ತುವುದಿಲ್ಲ, ಊರಿಗೆ ಊರೇ ಜೊತೆಗಿರುತ್ತದೆ. ಮಾರನೆಯ ದಿನ ಪಾರಣೆ ಇದೆ. ಈ ಸಪ್ಪೆ ಊಟಕ್ಕೆ ಜೊತೆ ಯಾರು? ಪಾರಣೆ ಎಂದು?”

ನನ್ನ ಬಾಯಿ ಕಟ್ಟಿಹೋಯಿತು. ಏಕೆಂದರೆ ಅಂದು ಮಧ್ಯಾಹ್ನ ಅವರ ಪಕ್ಕದಲ್ಲಿಯೇ ಕುಳಿತು ನಾನು ಹಪ್ಪಳ ಮುರಿದು ತಿಂದಿದ್ದೆ. ಅದಕ್ಕಿಂತಲೂ ಹಿಂದಿನದೊಂದು ನೆನಪಾಯಿತು. ಶಿಬಿರದ ವೈದ್ಯರು ಹೇಳಿದ ಹೊಸತರಲ್ಲಿ ಮಾತೃಶ್ರೀಯವರು ಸಾರಿಗೂ ಹುಳಿಗೂ ಉಪ್ಪನ್ನು ಇಳಿಸಿದ್ದರು. ಮೂರನೆಯ ದಿನ “ಏನಮ್ಮ ಇದು, ಸಾರು ಸಪ್ಪೆ!” ಎಂದು ಎಲೆಯ ಮುಂದೆ ಮುಖ ಸಿಂಡರಿಸಿದವನು ನಾನೇ. ಅವರು ಮಾತನಾಡದೆ ಒಳಗೆ ಹೋಗಿ ಉಪ್ಪು ಬೆರೆಸಿ ತಂದರು. ಆ ಸಾರನ್ನೇ ತೀರ್ಥರೂಪರಿಗೂ ಬಡಿಸಿದರು. ಮುಂದಿನ ಎರಡು ವರ್ಷ ಹಾಗೆಯೇ ನಡೆಯಿತು. ದ್ವಾದಶಿಯ ಆ ಬೆಳಗಿಗೆ ಇದೊಂದೇ ಕಾರಣವೆಂದು ಹೇಳಲಾರೆ. ನನ್ನ ಪಾಲು ಅದರಲ್ಲಿ ಇಲ್ಲವೆಂದೂ ಹೇಳಲಾರೆ. ಪಥ್ಯ ತಪ್ಪಿದರೆ ರೋಗಿಯನ್ನು ಬೈಯುತ್ತೇವೆ, ಅಡಿಗೆ ಸಪ್ಪೆಯಾದರೆ ಅಡಿಗೆ ಮಾಡಿದವರನ್ನು ಬೈಯುತ್ತೇವೆ. ನಡುವೆ ಕುಳಿತು ಉಂಡವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ವ್ರತ ಸುಲಭವಾಗಿ, ಪಥ್ಯ ಕಠಿಣವಾಗುವುದರ ಕಾರಣ ಇಲ್ಲಿದೆಯೆಂದು ನನಗೆ ತೋರುತ್ತದೆ. ವ್ರತಕ್ಕೆ ಸಂಕಲ್ಪವುಂಟು, ಅವಧಿಯುಂಟು, ಸಹವಾಸವುಂಟು, ಮರ್ಯಾದೆಯೂ ಉಂಟು. ಪಥ್ಯಕ್ಕೆ ಇವು ಯಾವುವೂ ಇಲ್ಲ. ಉಪವಾಸವಿದ್ದವನಿಗೆ ಜನ ಕೈಮುಗಿಯುತ್ತಾರೆ. ಉಪ್ಪು ಬಿಟ್ಟವನನ್ನು ‘ಪಾಪ, ರೋಗಿ’ ಎನ್ನುತ್ತಾರೆ. ಯಾರೂ ಮೆಚ್ಚದ, ಮುಗಿಯದ, ಒಬ್ಬಂಟಿಯಾದ ತ್ಯಾಗ ಅದು. ಹಾಗಾದರೆ ಅದು ವ್ರತಕ್ಕಿಂತ ಕೀಳಾಯಿತೇ? ಹೊಗಳಿಕೆಯ ಆಸೆ ಬೆರೆಯಲು ಅಲ್ಲಿ ಎಡೆಯೇ ಇಲ್ಲ. ಹರಿಗೆ ಅರ್ಪಿಸಿ ಮಾಡಿದರೆ ಅದಕ್ಕಿಂತ ನಿರ್ಮಲವಾದ ನಿಯಮ ಇನ್ನಾವುದು? ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಅಷ್ಟು ಒತ್ತಿ ಹೇಳಿದ ಏಕಾದಶಿಗೆ ಪಥ್ಯವು ಸಮವೆಂದು ನಾನು ಹೇಳುತ್ತಿಲ್ಲ. ಏಕಾದಶಿಯಿಂದ ಕಲಿತ ಇಂದ್ರಿಯನಿಗ್ರಹವನ್ನು ಉಳಿದ ದಿನಗಳ ಎಲೆಯ ಮುಂದೆ ಬಳಸದಿದ್ದರೆ ಕಲಿತದ್ದೇನು ಎಂದು ಕೇಳುತ್ತಿದ್ದೇನೆ, ಅಷ್ಟೆ.

ಆ ಸಂಜೆಯ ಅನಂತರ ಮನೆಯವರೆಲ್ಲರೂ ಒಂದೇ ಸಾರು ಉಣ್ಣುವುದೆಂದು ನಿರ್ಧರಿಸಿದೆವು. ಉಪ್ಪನ್ನು ಒಮ್ಮೆಲೇ ಅಲ್ಲ, ವಾರ ವಾರಕ್ಕೆ ಇಳಿಸುತ್ತ ಬಂದೆವು. ಉಪ್ಪಿನ ಬಟ್ಟಲು ಎಲೆಯ ಬಳಿಗೆ ಬರುವುದು ನಿಂತಿತು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಹಬ್ಬಕ್ಕೆ ಮಾತ್ರ ಎಂದಾಯಿತು. ನಿಂಬೆಹಣ್ಣು, ಶುಂಠಿ, ಜೀರಿಗೆ, ಕಾಳುಮೆಣಸು, ಕರಿಬೇವು, ಕೊತ್ತಂಬರಿಗಳು ಉಪ್ಪಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದವು. ಸೊಪ್ಪು, ಪಲ್ಯ, ಕೋಸಂಬರಿ ಹೆಚ್ಚಿ ಅನ್ನ ಸ್ವಲ್ಪ ಇಳಿಯಿತು. ಮೊದಲ ಮೂರು ವಾರ ಎಲ್ಲವೂ ಸಪ್ಪೆಯೆನಿಸಿತು. ಎರಡು ತಿಂಗಳ ಹೊತ್ತಿಗೆ, ಹೊರಗಿನ ಊಟವೇ ಉಪ್ಪೆನಿಸಿತು. ನಾಲಿಗೆ ಹೇಳಿದಂತೆ ಕೇಳುವ ಇಂದ್ರಿಯ. ನಾವೇ ಅದು ಹೇಳಿದಂತೆ ಕೇಳುತ್ತಿದ್ದೆವು. ತೀರ್ಥರೂಪರಿಗೆ ಈಗ ಎಪ್ಪತ್ತೊಂದು. ಮಾತ್ರೆಯೂ ಇದೆ, ಪಥ್ಯವೂ ಇದೆ. ಕಳೆದ ಬಾರಿ ನೋಡಿಸಿದಾಗ ಅಳತೆ 138/84 ಇತ್ತು. ಇದನ್ನು ಪವಾಡವೆಂದು ಹೇಳುತ್ತಿಲ್ಲ. ಕೇಶವಾದಿ ನಾಮಗಳು ಪ್ರತಿ ಬೆಳಗ್ಗೆ ಸ್ಪಷ್ಟವಾಗಿ ಕೇಳಿಬರುತ್ತವೆ, ನಮಗೆ ಅಷ್ಟು ಸಾಕು.

ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ವ್ರತದ ಅಡಿಗೆಗೆ ಬಳಸುವ ಸೈಂಧವ ಲವಣವು ಒತ್ತಡ ಏರಿಸದೆಂಬ ನಂಬಿಕೆ ನಮ್ಮಲ್ಲಿದೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಪೊಟ್ಯಾಸಿಯಂ ಬೆರೆಸಿದ ಉಪ್ಪು ಈಗ ದೊರೆಯುತ್ತದೆ. ಉತ್ತರ ಚೀನದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂತಹ ಉಪ್ಪಿನಿಂದ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ತೊಂದರೆಯಿದ್ದವರಿಗೂ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೂ ಅದು ಅಪಾಯಕರವಾದುದರಿಂದ ವೈದ್ಯರನ್ನು ಕೇಳದೆ ಬಳಸಕೂಡದು. ನಿರ್ಜಲ ಉಪವಾಸದ ದಿನ ಮಾತ್ರೆಯನ್ನು ಏನು ಮಾಡಬೇಕೆಂಬುದನ್ನೂ, ಶಾಕವ್ರತದಲ್ಲಿ ತರಕಾರಿ ಬಿಟ್ಟಾಗ ಆಹಾರ ಹೇಗಿರಬೇಕೆಂಬುದನ್ನೂ ಮೊದಲೇ ವೈದ್ಯರಲ್ಲಿಯೂ ತಿಳಿದ ಹಿರಿಯರಲ್ಲಿಯೂ ಕೇಳಿಕೊಳ್ಳಬೇಕು. ಬಾಲರು, ವೃದ್ಧರು, ಆತುರರು ಇವರ ವಿಷಯದಲ್ಲಿ ಶಾಸ್ತ್ರವು ಕರುಣೆಯಿಂದಲೇ ಮಾತನಾಡಿದೆ. ಇನ್ನು ಏಕಾದಶಿಯ ‘ಫಲಾಹಾರ’ವೆಂಬ ಹೆಸರಿನಲ್ಲಿ ಉಪ್ಪಿಟ್ಟು, ಕರಿದ ತಿಂಡಿಗಳನ್ನು ತಿನ್ನುವವರ ವಿಷಯ. ಅದು ವ್ರತವೂ ಅಲ್ಲ, ಪಥ್ಯವೂ ಅಲ್ಲ.

ಕೊನೆಯದಾಗಿ, ತೀರ್ಥಪ್ರಸಾದಕ್ಕೆ ಕರೆಯುವ ಗೃಹಸ್ಥರಲ್ಲಿ ಒಂದು ವಿನಂತಿ. ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ, ‘ಒಂದು ದಿನಕ್ಕೆ ಏನಾಗುತ್ತದೆ’ ಎಂದು ಬಲವಂತ ಮಾಡಬೇಡಿರಿ. ಪುರೋಹಿತರಿಗೂ ಅರ್ಚಕರಿಗೂ ವರ್ಷದಲ್ಲಿ ಅಂತಹ ‘ಒಂದು ದಿನ’ಗಳು ಬಹಳ. ಅಡಿಗೆಗೆ ಉಪ್ಪನ್ನು ಕಡಿಮೆ ಹಾಕಿದರೆ ಬೇಕಾದವರು ಬೆರೆಸಿಕೊಳ್ಳಬಹುದು. ಹೆಚ್ಚು ಹಾಕಿದರೆ ತೆಗೆಯುವ ಉಪಾಯವಿಲ್ಲ. ಅತಿಥಿಯು ತೃಪ್ತನಾಗಿ ಎದ್ದರೆ ಸಾಲದು, ಸ್ವಸ್ಥನಾಗಿ ಮತ್ತೊಮ್ಮೆ ಬರುವಂತಿರಬೇಕು. ಅನ್ನದಾನದ ಪುಣ್ಯದಲ್ಲಿ ಅದೂ ಸೇರಿದೆಯೆಂದು ನಾನು ನಂಬಿದ್ದೇನೆ.

ಈ ಚಾತುರ್ಮಾಸ್ಯದ ಸಂಕಲ್ಪವನ್ನು ಮಾಡುವಾಗ, ಮನೆಯಲ್ಲಿ ರಕ್ತದೊತ್ತಡದ ಹಿರಿಯರಿದ್ದರೆ, ಅವರ ಪಥ್ಯವನ್ನೂ ಮನಸ್ಸಿನಲ್ಲಿ ಸೇರಿಸಿಕೊಂಡು ನಾವೆಲ್ಲರೂ ಅವರೊಡನೆ ಉಣ್ಣೋಣ. ಕಾರ್ತಿಕದಲ್ಲಿ ಉಳಿದ ವ್ರತಗಳು ಸಮಾಪ್ತವಾಗಲಿ, ಇದೊಂದು ಮುಂದುವರಿಯಲಿ.

ಶ್ರೀಕೃಷ್ಣಾರ್ಪಣಮಸ್ತು